ಮಳೆ ನಕ್ಷತ್ರಗಳು ಈ ವಾರ ರಾತ್ರಿ ಕಾಣುತ್ತವೆ

(2025ರ ಡಿಸೆಂಬರ್ 14, ರವಿವಾರ ಸಂಜೆ ಶಾಂತಿನಗರದಲ್ಲಿ ನಡೆದ ಕನ್ನಡ ಮಾಧ್ಯಮ ಮಕ್ಕಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ.)



ತೊಗರಿ ಕೊಯ್ಲು, ಹತ್ತಿ ಬಿಡಿಸುವ ಕೆಲಸ ಎಲ್ಲ ಒಟ್ಟಿಗೆ ಬಂದಿರುವ ದಿನಗಳಲ್ಲಿಯೂ ಇಷ್ಟು ಜನ ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಮಕ್ಕಳ ಅಂಕಗಳ ಬಗ್ಗೆ ಮಾತನಾಡುತ್ತೇನೆಂದು ಕೆಲವರು ತಿಳಿದಿರಬಹುದು. ಅದನ್ನು ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಈ ವಾರ ರಾತ್ರಿ ಆಕಾಶದಲ್ಲಿ ಏನೇನು ಕಾಣುತ್ತದೆ, ಅದನ್ನು ನೀವೇ ನಿಮ್ಮ ಮಕ್ಕಳಿಗೆ ಹೇಗೆ ತೋರಿಸಬಹುದು ಎಂಬುದು ನನ್ನ ವಿಷಯ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಹೋದ ತಿಂಗಳು ಪಾಲಕರೊಬ್ಬರು ಬಂದಿದ್ದರು. ಮಗನ ಟಿ.ಸಿ. ತೆಗೆದುಕೊಂಡು ಬೇರೆ ಮಾಧ್ಯಮಕ್ಕೆ ಹಾಕುವ ವಿಚಾರ ಅವರದು. "ಕಥಿ, ಪದ್ಯ ಕನ್ನಡದಾಗ ಓದ್ಲಿ ಸರ್, ಬ್ಯಾಡ ಅನ್ನಂಗಿಲ್ಲ. ಆದ್ರ ಸೈನ್ಸ್ ಕನ್ನಡದಾಗ ಹ್ಯಾಂಗ ಬರ್ತದ್ರೀ? ಮನ್ಯಾಗ ಹೇಳಿಕೊಡಾಕ ನಮಗಾರ ಏನ್ ಗೊತ್ತದ?" ಎಂದರು. ಅವರು ಮೂವತ್ತು ವರ್ಷ ಬೇಸಾಯ ಮಾಡಿದವರು. "ಈ ಸಲ ಯಾವ ಮಳ್ಯಾಗ ಬಿತ್ತಿದ್ರಿ ಅಣ್ಣಾರ?" ಎಂದು ಕೇಳಿದೆ. "ಮಿರಗ ಕೈಕೊಡ್ತು ಸರ್, ಆರಿದ್ರಾದಾಗ ಬಿತ್ತಿದ್ವಿ." "ಆ ಮಿರಗ, ಆ ಆರಿದ್ರಾ ಆಕಾಶದಾಗ ಎಲ್ಲವ, ನೋಡೀರೇನು?" ಅವರು ನಕ್ಕುಬಿಟ್ಟರು. "ಅವು ಪಂಚಾಂಗದಾಗಿನ ಹೆಸ್ರಲ್ರೀ?"

ಪಂಚಾಂಗಕ್ಕೆ ಆ ಹೆಸರುಗಳು ಬಂದದ್ದು ಆಕಾಶದಿಂದ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮಿರಗ ಅಥವಾ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ, ವಿಶಾಖಾ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಇದನ್ನು ನನಗಿಂತ ಬೇಗ ಹೇಳುತ್ತೀರಿ. ಶಾಲೆಯ ಮೆಟ್ಟಿಲು ಹತ್ತದ ತಾಯಂದಿರೂ ಹೇಳುತ್ತೀರಿ. ನಿಮ್ಮ ಮಕ್ಕಳು ಹೇಳುವುದಿಲ್ಲ, ನಾನು ತರಗತಿಯಲ್ಲಿ ಕೇಳಿ ನೋಡಿದ್ದೇನೆ. ರೋಹಿಣಿ, ಆರಿದ್ರಾ ಎಂದು ಎರಡು ಹೇಳಿ ನಿಲ್ಲುತ್ತಾರೆ.

ಬಿ.ಎಡ್. ತರಬೇತಿಯಲ್ಲಿ ನಮಗೆ ಮೊದಲು ಕಲಿಸುವ ಸೂತ್ರಗಳಲ್ಲಿ ಒಂದು, ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕು ಎಂಬುದು. ಆದ್ದರಿಂದ ನಿಮಗೆ ಗೊತ್ತಿರುವ ಮಳೆಯಿಂದಲೇ ಹೊರಡೋಣ.

ರೋಹಿಣಿ ಮಳೆ ಎಂದರೇನು? ಸೂರ್ಯನು ರೋಹಿಣಿ ನಕ್ಷತ್ರದ ಕಡೆಗೆ ಇರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಬೀಳುವ ಮಳೆ. ವರ್ಷಕ್ಕೆ 365 ದಿನ, ನಕ್ಷತ್ರ 27. ಭಾಗಿಸಿದರೆ ಒಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮಿರಗ, ಜೂನ್ 21-22ಕ್ಕೆ ಆರಿದ್ರಾ ಕೂಡುತ್ತವೆ. ಮಳೆಯನ್ನು ನಕ್ಷತ್ರ ಸುರಿಸುವುದಿಲ್ಲ. ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ ಮಳೆ ತರುತ್ತದೆ. ಅದು ಬರುವ ಕಾಲವನ್ನು ನೆನಪಿಡಲು ನಮ್ಮ ಹಿಂದಿನವರು ಆಕಾಶವನ್ನೇ ಕ್ಯಾಲೆಂಡರ್ ಮಾಡಿಕೊಂಡರು, ಅಷ್ಟೆ.

ಈಗ ಒಂದು ಪ್ರಶ್ನೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ಚಿಕ್ಕಿ ರಾತ್ರಿ ಕಾಣುತ್ತದೆಯೇ? ಕಾಣುವುದಿಲ್ಲ. ಮೋಡದ ಮಾತು ಹೇಳುತ್ತಿಲ್ಲ, ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅದು ಸೂರ್ಯನ ಮಗ್ಗುಲಲ್ಲೇ ಇರುತ್ತದೆ, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಲಗ್ನದ ಪೆಂಡಾಲಿನ ದೊಡ್ಡ ಲೈಟಿನ ಪಕ್ಕದಲ್ಲಿ ಹಣತೆ ಇಟ್ಟರೆ ಯಾರಿಗೆ ಕಂಡೀತು? ಆರು ತಿಂಗಳು ಕಳೆದ ಮೇಲೆ ಸೂರ್ಯ ಆಕಾಶದ ಆಚೆ ಕಡೆಗೆ ಹೋಗಿರುತ್ತಾನೆ. ಆಗ ರೋಹಿಣಿ ಸಂಜೆ ಹುಟ್ಟಿ ರಾತ್ರಿಯೆಲ್ಲ ಇರುತ್ತದೆ. ಮೇ, ಜೂನಿನಿಂದ ಆರು ತಿಂಗಳು ಎಂದರೆ ಇದೇ ದಿನಗಳು. ಸೂರ್ಯ ಈಗ ಜ್ಯೇಷ್ಠಾ ಮುಗಿಸಿ ಮೂಲಾ ನಕ್ಷತ್ರಕ್ಕೆ ಹೋಗುತ್ತಿದ್ದಾನೆ. ಅದಕ್ಕೆ ಎದುರಾಗಿ ಇರುವುದು ಮೃಗಶಿರ. ಈ ತಿಂಗಳಿಗೆ ಮಾರ್ಗಶಿರ ಎಂಬ ಹೆಸರು ಬಂದದ್ದೂ ಅದರಿಂದಲೇ, ಈ ಮಾಸದ ಹುಣ್ಣಿಮೆ ಚಂದ್ರ ಆ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಹೀಗೆ, ನೀವು ಜೂನ್ ತಿಂಗಳಲ್ಲಿ ದಾರಿ ಕಾಯ್ದ ಮಳೆಗಳ ಚಿಕ್ಕಿಗಳೆಲ್ಲ ಈ ವಾರ ನಿಮ್ಮ ಮಾಳಿಗೆಯ ಮೇಲೆ ಬಂದು ನಿಲ್ಲುತ್ತವೆ.

ಇವತ್ತು ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ, ಬೀದಿದೀಪ ಕಣ್ಣಿಗೆ ಬೀಳದ ಕಡೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿರಿ. ಹತ್ತು ನಿಮಿಷ ಮೊಬೈಲ್ ತೆಗೆಯಬೇಡಿರಿ, ಕಣ್ಣು ಕತ್ತಲೆಗೆ ಹೊಂದಬೇಕು. ಪೂರ್ವದಲ್ಲಿ ಅರ್ಧ ಆಕಾಶದ ಎತ್ತರದಲ್ಲಿ ಮೂರು ಚಿಕ್ಕಿಗಳು ಒಂದರ ಮೇಲೊಂದು ಸಾಲಾಗಿ, ಅಳತೆಗೋಲು ಹಿಡಿದು ಇಟ್ಟ ಹಾಗೆ ನಿಂತಿರುತ್ತವೆ. ಇದನ್ನು ಗುರುತಿಸದ ಮಗು ಇಲ್ಲ. ಮಹಾವ್ಯಾಧ, ಅಂದರೆ ದೊಡ್ಡ ಬೇಟೆಗಾರ, ಎಂಬ ಚಿತ್ರದ ನಡುಪಟ್ಟಿ ಅದು. ಅದರ ಎಡಕ್ಕೆ ಕೆಂಪು ಛಾಯೆಯ ದೊಡ್ಡ ಚಿಕ್ಕಿಯೊಂದಿದೆ. ಅದೇ ಆರಿದ್ರಾ. ಆರಿದ್ರಾದ ಎಡಗಡೆ ಸ್ವಲ್ಪ ಮೇಲಕ್ಕೆ, ಒತ್ತಾಗಿ ಕೂಡಿದ ಮೂರು ಮಸುಕು ಚಿಕ್ಕಿಗಳು ಮೃಗಶಿರ. ಮಿರಗ ಎಂದು ನಾವು ಹಾತೊರೆಯುವ ಮಳೆಯ ಚಿಕ್ಕಿ ಇಷ್ಟು ಸಣ್ಣದೇ ಎಂದು ಮಕ್ಕಳಿಗೆ ಸ್ವಲ್ಪ ನಿರಾಸೆಯಾದೀತು!

ನಡುಪಟ್ಟಿಯ ಮೂರು ಚಿಕ್ಕಿಗಳ ಗೆರೆಯನ್ನು ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ ಸಿಗುತ್ತದೆ. ಇನ್ನೂ ಮೇಲಕ್ಕೆ ಹೋದರೆ ಮುತ್ತಿನ ಗೊಂಚಲಿನಂಥ ಕೃತ್ತಿಕಾ. ಅಲ್ಲಿ ಎಷ್ಟು ಚಿಕ್ಕಿ ಎಣಿಸುತ್ತೀರೆಂದು ಮಕ್ಕಳ ನಡುವೆ ಪಂದ್ಯ ಹಚ್ಚಿರಿ. ಬಹಳ ಜನಕ್ಕೆ ಆರು ಕಾಣುತ್ತವೆ, ಕಣ್ಣು ಚುರುಕಾದವರಿಗೆ ಇನ್ನೂ ಹೆಚ್ಚು. ಅದೇ ಗೆರೆಯನ್ನು ಕೆಳಕ್ಕೆ ಎಳೆದರೆ ನೀಲಿ ಬಿಳುಪಿನಿಂದ ಝಗಝಗಿಸುವ ಲುಬ್ಧಕ ಸಿಗುತ್ತದೆ. ಇಡೀ ರಾತ್ರಿ ಆಕಾಶದ ಚಿಕ್ಕಿಗಳಲ್ಲಿ ಇದಕ್ಕಿಂತ ಪ್ರಕಾಶದ್ದು ಇಲ್ಲ.

ಹಾಗಾದರೆ ಎಡಗಡೆ ಈಶಾನ್ಯದ ಕಡೆಗೆ ಲುಬ್ಧಕಕ್ಕಿಂತಲೂ ಜೋರಾಗಿ ಹೊಳೆಯುವುದು ಯಾವುದು ಎಂದು ಯಾರಾದರೂ ಕೇಳುತ್ತಾರೆ. ಅದು ಚಿಕ್ಕಿಯಲ್ಲ, ಗುರು ಗ್ರಹ. ಗ್ರಹಕ್ಕೂ ಚಿಕ್ಕಿಗೂ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಇದು: ಚಿಕ್ಕಿ ಮಿನುಗುತ್ತದೆ, ಗ್ರಹ ಸ್ಥಿರವಾಗಿ ಬೆಳಗುತ್ತದೆ. ಗುರುವಿನ ಎಡ ಮಗ್ಗುಲಿಗೆ ಅವಳಿ ಮಕ್ಕಳ ಹಾಗೆ ನಿಂತ ಎರಡು ಚಿಕ್ಕಿಗಳೇ ಪುನರ್ವಸು. ಅವು ಬರುವ ಹೊತ್ತಿಗೆ ಹಿಂದಿನಿಂದ ಪುಷ್ಯ ಏಳುತ್ತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಮಘಾ, ನಡುರಾತ್ರಿಯ ಸುಮಾರಿಗೆ ಹುಬ್ಬಾ, ಉತ್ತರಾ, ಆಮೇಲೆ ಹಸ್ತಾ, ಎರಡೂವರೆಯ ಹೊತ್ತಿಗೆ ಚಿತ್ತಾ, ಸ್ವಾತಿ. ಮಳೆಗಳು ಕೂಡುವ ಕ್ರಮ ಯಾವುದೋ ಅದೇ ಕ್ರಮದಲ್ಲಿ ಚಿಕ್ಕಿಗಳು ಹುಟ್ಟುತ್ತಾ ಹೋಗುತ್ತವೆ. ನಸುಕಿನ ಐದು ಗಂಟೆಗೆ ನೀರು ಹಾಯಿಸಲು ಹೊಲಕ್ಕೆ ಹೋಗುವವರು ನೋಡಿರಿ, ರೋಹಿಣಿ ಪಶ್ಚಿಮಕ್ಕೆ ಇಳಿದಿರುತ್ತದೆ, ಚಿತ್ತಾ ಸ್ವಾತಿ ಪೂರ್ವದಲ್ಲಿ ಮೇಲೆ ಬಂದಿರುತ್ತವೆ, ಅವುಗಳ ಕೆಳಗೆ ವಿಶಾಖಾ. ಐದು ತಿಂಗಳ ಮಳೆಗಾಲ ಒಂದೇ ರಾತ್ರಿಯಲ್ಲಿ ತಲೆಯ ಮೇಲೆ ಹಾದುಹೋಗುತ್ತದೆ. ಇದನ್ನು ಮಗುವಿಗೆ ತೋರಿಸಲು ಇಂಗ್ಲಿಷ್ ಬೇಕಿಲ್ಲ, ದುರ್ಬೀನು ಬೇಕಿಲ್ಲ. ಮಳೆಗಳ ಹೆಸರು ಸಾಲಾಗಿ ಬರಬೇಕು. ಅದು ನಿಮಗೆ ಬರುತ್ತದೆ.

ಇವತ್ತಿನ ರಾತ್ರಿಯದೇ ಒಂದು ವಿಶೇಷವಿದೆ. ಪ್ರತಿ ವರ್ಷ ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಪುನರ್ವಸುವಿನ ದಿಕ್ಕಿನಿಂದ ಬಂದ ಹಾಗೆ ಉಲ್ಕೆಗಳು ಬೀಳುತ್ತವೆ. ಜೆಮಿನಿಡ್ ಉಲ್ಕಾವೃಷ್ಟಿ ಎಂದು ಇದರ ಹೆಸರು. "ಚಿಕ್ಕಿ ಬಿತ್ತು, ಯಾರೋ ದೊಡ್ಡವರು ಹೋದರು" ಎಂದು ನಮ್ಮಲ್ಲಿ ಹೇಳುವುದುಂಟು. ಬೀಳುವುದು ಚಿಕ್ಕಿಯಲ್ಲ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಸಣ್ಣ ಆಕಾಶಕಾಯ ತನ್ನ ದಾರಿಯುದ್ದಕ್ಕೂ ಚೆಲ್ಲಿದ ಹರಳು, ಮರಳಿನ ಕಣಗಳು ನಮ್ಮ ಗಾಳಿಗೆ ನುಗ್ಗಿ ಉರಿದುಹೋಗುತ್ತವೆ, ಅಷ್ಟೆ. ಹತ್ತು ಗಂಟೆಯ ಮೇಲೆ ಕಂಬಳಿ ಹೊದ್ದು ಅಂಗಾತ ಮಲಗಿರಿ. ಚಂದ್ರ ಹುಟ್ಟುವುದು ನಡುರಾತ್ರಿ ಕಳೆದು ಬಹಳ ಹೊತ್ತಾದ ಮೇಲೆ, ಅಲ್ಲಿಯವರೆಗೆ ಕತ್ತಲೆ ಚೆನ್ನಾಗಿರುತ್ತದೆ.

ಬೇರೆ ಗ್ರಹಗಳ ಮಾತು. ಶನಿಯನ್ನು ನೋಡಲು ಬೇಗ ಹೊರಗೆ ಬರಬೇಕು. ಏಳೂವರೆ ಎಂಟರ ಹೊತ್ತಿಗೆ ನೆತ್ತಿಯಿಂದ ನೈಋತ್ಯಕ್ಕೆ ಜಾರಿರುವ, ಸುತ್ತ ಯಾವ ದೊಡ್ಡ ಚಿಕ್ಕಿಯೂ ಇಲ್ಲದ, ಮಸುಕು ಹಳದಿ ಬೆಳಕು ಶನಿಯದು. ಹೆದರುವಂಥದ್ದೇನೂ ಅದರಲ್ಲಿ ಇಲ್ಲ. 26ನೇ ತಾರೀಖು ಸಂಜೆ ಚಂದ್ರ ಅದರ ಹತ್ತಿರ ಬರುತ್ತಾನೆ, 27ಕ್ಕೆ ದಾಟಿ ಮುಂದೆ ಹೋಗಿರುತ್ತಾನೆ. ಚಂದ್ರ ದಿನಕ್ಕೆ ಎಷ್ಟು ನಡೆಯುತ್ತಾನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗದು. ಶುಕ್ರ, ಮಂಗಳ ಈ ವಾರ ಇಲ್ಲ, ಇಬ್ಬರೂ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿದ್ದಾರೆ.

ಉತ್ತರಕ್ಕೆ ತಿರುಗಿ ಧ್ರುವ ನೋಡಿರಿ. ಇದನ್ನು ಹುಡುಕುವ ಸುಲಭ ದಾರಿ ಹೇಳುತ್ತೇನೆ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಮುಚ್ಚುತ್ತದೆ. ಮಗುವಿನ ಕೈ ಗಿಡ್ಡ, ಮುಷ್ಟಿಯೂ ಸಣ್ಣದು, ಆದ್ದರಿಂದ ಲೆಕ್ಕ ಸರಿಹೋಗುತ್ತದೆ. ನಾವಿರುವ ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆ ಭೂಮಧ್ಯರೇಖೆಯಿಂದ ಸುಮಾರು ಹದಿನಾರೂವರೆ ಡಿಗ್ರಿ ಉತ್ತರಕ್ಕಿದೆ. ಧ್ರುವ ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ, ಅಂದರೆ ಒಂದು ಮುಷ್ಟಿ, ಅದರ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಕ್ಕಳಿಗೆ ಅದು ಒಂದೂಕಾಲು ಮುಷ್ಟಿಯಲ್ಲಿ ಕಾಣುತ್ತದೆ, ಅಕ್ಕಲಕೋಟೆಯ ಮಕ್ಕಳಿಗೆ ಒಂದೂಮುಕ್ಕಾಲು, ದಿಲ್ಲಿಯವರಿಗೆ ಮೂರಕ್ಕೆ ಹತ್ತಿರ. ಅಕ್ಷಾಂಶ ಎಂಬ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಎರಡು ಪಿರಿಯಡ್ ಕಲಿಸುತ್ತೇನೆ. ಮಾಳಿಗೆಯ ಮೇಲೆ ಅದು ಎರಡು ನಿಮಿಷದ ಕೆಲಸ.

ಹತ್ತೂವರೆಯ ನಂತರ ಆಗ್ನೇಯದಲ್ಲಿ ತಗ್ಗಿಗೆ ಅಗಸ್ತ್ಯ ಕಾಣುತ್ತದೆ. ಪ್ರಕಾಶದಲ್ಲಿ ಲುಬ್ಧಕದ ನಂತರದ್ದು ಇದೇ. ಮರ, ಕಟ್ಟಡ ಅಡ್ಡ ಬಂದರೆ ಬಿಟ್ಟುಬಿಡಿ, ಹೊಲದಲ್ಲಿ ನಿಂತಾಗ ನೋಡಬಹುದು.

ಇನ್ನೊಂದು ಮಾತು ಮಕ್ಕಳಿಗೆ ಹೇಳಲೇಬೇಕು. ಚಿಕ್ಕಿಯ ಬೆಳಕು ಹೊರಟ ತಕ್ಷಣ ಬರುವುದಿಲ್ಲ. ಲುಬ್ಧಕದಿಂದ ಇಲ್ಲಿಗೆ ಬರಲು ಸುಮಾರು ಎಂಟೂವರೆ ವರ್ಷ ಬೇಕು. ನಿಮ್ಮ ಮೂರನೆಯ ತರಗತಿಯ ಮಗು ಇವತ್ತು ನೋಡುವ ಲುಬ್ಧಕದ ಬೆಳಕು ಆ ಮಗು ಹುಟ್ಟುವ ಹೊತ್ತಿಗೆ ಅಲ್ಲಿಂದ ಹೊರಟದ್ದು. ರೋಹಿಣಿಯ ಬೆಳಕಿಗೆ ಸುಮಾರು 65 ವರ್ಷ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಸೇರಿ ನಾಲ್ಕು ವರ್ಷವಾಗಿದ್ದಾಗ ಹೊರಟ ಬೆಳಕು ಇಂದು ಬಂದು ಮುಟ್ಟುತ್ತಿದೆ. ಕೃತ್ತಿಕಾದ್ದು ನಾಲ್ಕು ನೂರು ವರ್ಷಕ್ಕೂ ಹಿಂದಿನದು.

ಬರುವ ಶುಕ್ರವಾರ, 19ನೇ ತಾರೀಖು ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬರುವ ಮನೆಗಳು ನಮ್ಮಲ್ಲಿ ಬಹಳ ಇವೆ. ಈ ಸಲ ಸಂಜೆಯ ಮೇಲೆ ಒಂದು ತಾಸು ಹೊಲದಲ್ಲೇ ನಿಲ್ಲಿರಿ. ವರ್ಷದಲ್ಲಿ ಇಂಥ ಕತ್ತಲೆ, ಇಂಥ ತಿಳಿ ಆಕಾಶ ಒಟ್ಟಿಗೆ ಸಿಗುವುದು ಅಪರೂಪ. ಆದರೆ ಅದೇ ದಿನದ ಬಗ್ಗೆ ಮೊಬೈಲುಗಳಲ್ಲಿ ಏನೇನೋ ಓಡಾಡುತ್ತಿದೆ. ಬೇರೆ ನಕ್ಷತ್ರಲೋಕದ ಧೂಮಕೇತು ಅಮಾವಾಸ್ಯೆಯಂದೇ ಭೂಮಿಯ ಹತ್ತಿರ ಬರುತ್ತದೆ, ಅನಾಹುತವಾಗುತ್ತದೆ ಎಂದು ಮಕ್ಕಳೇ ನನಗೆ ತೋರಿಸಿದರು. ಧೂಮಕೇತು ಇರುವುದು ನಿಜ. 2025ರ ಜುಲೈ 1ರಂದು ಚಿಲಿ ದೇಶದ ಅಟ್ಲಾಸ್ ದುರ್ಬೀನು ಅದನ್ನು ಕಂಡಿತು. ಸೂರ್ಯಮಂಡಲದ ಹೊರಗಿನಿಂದ ಬಂದು ಹಾದುಹೋಗುವ ಕಾಯಗಳಲ್ಲಿ ಮನುಷ್ಯರಿಗೆ ಗೊತ್ತಾದ ಮೂರನೆಯದು ಅದು. 19ರಂದು ಅದು ನಮಗೆ ಅತಿ ಸಮೀಪ ಬರುವುದೂ ನಿಜ. ಆದರೆ ಆ ಸಮೀಪ ಎಷ್ಟು? ಸುಮಾರು 27 ಕೋಟಿ ಕಿಲೋಮೀಟರ್! ಸೂರ್ಯನೇ ನಮಗೆ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಬರಿಗಣ್ಣಿಗೆ ಅದು ಕಾಣುವುದೂ ಇಲ್ಲ. ಆ ರಾತ್ರಿ ಬಾಗಿಲು ಹಾಕಿಕೊಂಡು ಕೂಡಬೇಡಿರಿ.

ಬಾಗಿಲು ಹಾಕಿಕೊಂಡದ್ದರಿಂದ ನಾವು ಒಮ್ಮೆ ಕಳೆದುಕೊಂಡಿದ್ದೇವೆ. 1980ರ ಫೆಬ್ರವರಿ 16. ಇಲ್ಲಿರುವ ಹಿರಿಯರಿಗೆ ನೆನಪಿರಬೇಕು, ನಾನಾಗ ಕೂಸು. ಆ ದಿನದ ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಹೊರಟು, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು, ಕೃಷ್ಣೆಯನ್ನು ದಾಟಿ ಇದೇ ನಮ್ಮ ಸೀಮೆಯ ಮೇಲೆ ಹೋಗಿ, ಒಡಿಶಾದ ಪುರಿಯ ಕಡೆಗೆ ಸಾಗಿತು. ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಎರಡು ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಹಗಲು ಕತ್ತಲಾಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಡೇರೆ ಹಾಕಿದ್ದರು. ಹೈದರಾಬಾದಿನ ಆಚೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯಕ್ಕೆ ಅಮೆರಿಕದಿಂದ ಉಪಕರಣ ಹೊತ್ತು ತಂದಿದ್ದರು. ಜನ ಸಮುದ್ರ ದಾಟಿ ಬಂದು ನೋಡಿದ ನೆರಳು ನಮ್ಮ ಹೆಂಚಿನ ಮೇಲೆ ಹೋಗುವಾಗ ನಮ್ಮ ಊರುಗಳು ಕಿಟಕಿಗೆ ಚಾಪೆ ಕಟ್ಟಿಕೊಂಡು ಒಳಗೆ ಕೂತಿದ್ದವೆಂದು ನಮ್ಮ ತಾಯಿ ಹೇಳುತ್ತಿದ್ದರು. ಖಗ್ರಾಸ ಗ್ರಹಣ ಒಂದೇ ಊರಿಗೆ ಮತ್ತೆ ಬರಲು ಸರಾಸರಿ ಮುನ್ನೂರು ನಾನೂರು ವರ್ಷ ಹಿಡಿಯುತ್ತದೆ. ಭಾರತದಲ್ಲಿ ಮುಂದಿನದು 2034ರ ಮಾರ್ಚ್ 20ಕ್ಕೆ, ಅದೂ ಕಾಶ್ಮೀರ, ಲಡಾಖದ ಕಡೆ. ಅವತ್ತು ಹೊರಗೆ ಬರಬೇಡಿ ಎಂದವರು ಕೆಟ್ಟವರಲ್ಲ, ಕಣ್ಣಿಗೆ ಅಪಾಯವಿದೆ ಎಂಬ ಭಯ ಸುಳ್ಳೂ ಅಲ್ಲ. ಹೇಗೆ ನೋಡಬೇಕು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಇರಲಿಲ್ಲ.

ಹೈದರಾಬಾದಿನ ಹೆಸರು ಬಂತು, ಒಂದು ವಿಷಯ ಸೇರಿಸುತ್ತೇನೆ. ನಮ್ಮ ಅಜ್ಜಂದಿರು ನಿಜಾಮರ ಕಾಲದಲ್ಲಿದ್ದಾಗ, 1901ರಲ್ಲಿ, ನವಾಬ ಜಫರ್ ಜಂಗ್ ಅಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದರು. ಮುಂದೆ ಅದು ನಿಜಾಮಿಯಾ ವೀಕ್ಷಣಾಲಯ ಎನಿಸಿತು. ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಹೊಲ ಹಂಚಿಕೊಂಡ ಹಾಗೆ ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಫೋಟೊ ತೆಗೆದು ನಕ್ಷೆ ಮಾಡಿದಾಗ, ಲುಬ್ಧಕದ ಕೆಳಗಿನ ಒಂದು ಪಟ್ಟಿ ನಿಜಾಮಿಯಾದ ಪಾಲಿಗೆ ಬಂತು. ಅವರು ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಜಾಗ ಅಳೆದು ದಾಖಲು ಮಾಡಿದರು.

ಅದಕ್ಕಿಂತ ಹಳೆಯ ಸಾಕ್ಷಿ ಇನ್ನೂ ಹತ್ತಿರದಲ್ಲಿದೆ. ಕೃಷ್ಣಾ ಮಂಡಲದ ಮುಡುಮಾಲ ಗ್ರಾಮ ನಿಮ್ಮಲ್ಲಿ ಅನೇಕರಿಗೆ ನೆಂಟರ ಊರು. ಹೊಳೆಯ ಈಚೆ ದಂಡೆಗೆ ಮುಡುಮಾಲ, ಆಚೆ ದಂಡೆಗೆ ರಾಯಚೂರು ಜಿಲ್ಲೆ. ಅಲ್ಲಿ ಎರಡಾಳೆತ್ತರದ ಕಲ್ಲುಗಳು ನಿಂತಿವೆ, ಸುತ್ತ ಸಾಲುಸಾಲಾಗಿ ಸಣ್ಣ ಕಲ್ಲುಗಳಿವೆ. ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯವು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೆ. ಪಿ. ರಾವ್ ಅವರು ಅಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಾರೆ. ಒಂದು ಬಂಡೆಯ ಮೇಲೆ ಕೊರೆದ ಕುಳಿಗಳು ಸಪ್ತರ್ಷಿ ಮಂಡಲದ ಆಕಾರದಲ್ಲಿವೆಯೆಂದೂ, ಕೆಲವು ಕಲ್ಲಿನ ಸಾಲುಗಳು ವರ್ಷದ ಅತಿ ದೀರ್ಘ ಹಗಲು, ಅತಿ ಗಿಡ್ಡ ಹಗಲಿನ ದಿನ ಸೂರ್ಯ ಹುಟ್ಟುವ ಮುಳುಗುವ ಕಡೆಗೆ ನೇರವಾಗಿವೆಯೆಂದೂ ಅವರು ಗುರುತಿಸಿದರು. 2025ರಲ್ಲಿ ಮುಡುಮಾಲದ ಹೆಸರು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಸಂತೋಷ. ಆದರೆ ಆ ಊರಿನ ಸುತ್ತಲಿನ ಕನ್ನಡ ಮಕ್ಕಳಿಗೇ ಆ ಕಲ್ಲುಗಳು ಯಾತಕ್ಕಿವೆಯೆಂದು ಹೇಳುವವರಿಲ್ಲದಿದ್ದರೆ ಅದು ಬರೀ ಪ್ರವಾಸಿಗಳ ಫೋಟೊ ಜಾಗವಾಗುತ್ತದೆ.

ಅತಿ ಗಿಡ್ಡ ಹಗಲು ಈ ವಾರದ ಕೊನೆಗೇ ಬರುತ್ತದೆ, ಡಿಸೆಂಬರ್ 21, ರವಿವಾರ. ಅಂದು ಸೂರ್ಯ ಹುಟ್ಟುವ ಜಾಗ ದಕ್ಷಿಣಕ್ಕೆ ಎಷ್ಟು ಸರಿಯಬಹುದೋ ಅಷ್ಟು ಸರಿದು, ಅಲ್ಲಿಂದ ಉತ್ತರಕ್ಕೆ ಮರಳುತ್ತದೆ. ಮನೆಯ ಒಂದೇ ಜಾಗದಲ್ಲಿ ನಿಂತು, ಯಾವ ಬೇವಿನ ಮರದ, ಯಾವ ಕಂಬದ ನೇರಕ್ಕೆ ಸೂರ್ಯ ಹುಟ್ಟಿದನೆಂದು ಮಗು ವಾರಕ್ಕೊಮ್ಮೆ ಗುರುತು ಹಾಕಲಿ. ಮುಡುಮಾಲದವರು ಕಲ್ಲು ನಿಲ್ಲಿಸಿ ಮಾಡಿದ್ದನ್ನೇ ಅದು ಸೀಮೆಸುಣ್ಣದಲ್ಲಿ ಮಾಡುತ್ತದೆ. ಹಾಗಿದ್ದರೆ ಉತ್ತರಾಯಣವನ್ನು ಜನವರಿ 14ರ ಸಂಕ್ರಾಂತಿಗೆ ಏಕೆ ಹೇಳುತ್ತಾರೆ ಎಂದು ಬುದ್ಧಿವಂತ ಮಗು ಕೇಳುತ್ತದೆ, ಕೇಳಬೇಕು. ಭೂಮಿ ಬುಗುರಿಯ ಹಾಗೆ ತಲೆ ಆಡಿಸುತ್ತಾ ತಿರುಗುತ್ತದೆ. ಒಂದು ಸುತ್ತು ತಲೆಯಾಡಿಸಲು ಸುಮಾರು 26 ಸಾವಿರ ವರ್ಷ. ಅದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರಗಳ ಲೆಕ್ಕ ಋತುವಿನಿಂದ ಸರಿಯುತ್ತದೆ. ಒಂದು ಕಾಲಕ್ಕೆ ಎರಡೂ ಒಂದೇ ದಿನ ಇದ್ದವು, ಈಗ ಇಪ್ಪತ್ನಾಲ್ಕು ದಿನ ದೂರವಾಗಿವೆ. ನಮ್ಮ ಮಳೆಗಳ ತಾರೀಖೂ ಹೀಗೆಯೇ ಮೆಲ್ಲಗೆ ಸರಿಯುತ್ತಿದೆ. ಮುಡುಮಾಲದಲ್ಲಿ ಕಲ್ಲು ನಿಲ್ಲಿಸಿದವರ ಕಾಲಕ್ಕೆ ನಮ್ಮ ಈಗಿನ ಧ್ರುವ ಉತ್ತರದ ತುದಿಯಲ್ಲಿ ಇರಲೇ ಇಲ್ಲ.

ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ವಿಜ್ಞಾನವೇ. ಕನ್ನಡದಲ್ಲಿಯೇ ಹೇಳಿದೆ, ಯಾರೂ ನಡುವೆ ಎದ್ದುಹೋಗಲಿಲ್ಲ. ಕನ್ನಡದಲ್ಲಿ ಇದು ಹೊಸ ಸಾಹಸವೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇವರು 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದದ್ದು 1930ರ ದಶಕದಲ್ಲಿ. ಜಿ. ಟಿ. ನಾರಾಯಣರಾಯರು ಜೀವನವಿಡೀ ಜನರನ್ನು ಬಯಲಿಗೆ ಕರೆದು ಚಿಕ್ಕಿ ತೋರಿಸಿ ಅದನ್ನೇ ಪುಸ್ತಕ ಮಾಡಿದರು. ಪಠ್ಯಪುಸ್ತಕ ತಡವಾಗಿ ಬರುವ ವರ್ಷ ನಮಗೆ ಉಂಟು, ಅದರ ಕಷ್ಟ ನಿಮಗೆ ಗೊತ್ತಿದೆ, ಅದಕ್ಕಾಗಿ ಅರ್ಜಿ ಕೊಡುವುದನ್ನು ನಿಲ್ಲಿಸುವುದೂ ಬೇಡ. ಆದರೆ ಪುಸ್ತಕ ಬರುವವರೆಗೆ ಪಾಠ ನಿಲ್ಲಬೇಕಾಗಿಲ್ಲ.

ತೆಲುಗು ನಾಡಿನಲ್ಲಿ ಇದ್ದು ಕನ್ನಡದಲ್ಲಿ ಓದಿದರೆ ಮಗು ಹಿಂದುಳಿಯುತ್ತದೆ ಎಂಬ ಭಯಕ್ಕೂ ಒಂದು ಮಾತು. ಗ್ರಹಣ, ಕಕ್ಷೆ, ಅಕ್ಷಾಂಶ, ನಕ್ಷತ್ರ ಎಂದು ನಾನು ಕಲಿಸಿದರೆ, ಪಕ್ಕದ ತೆಲುಗು ಶಾಲೆಯಲ್ಲಿ ಗ್ರಹಣಂ, ಕಕ್ಷ್ಯ, ಅಕ್ಷಾಂಶಂ, ನಕ್ಷತ್ರಂ ಎನ್ನುತ್ತಾರೆ. ನಮ್ಮ ಚಿಕ್ಕಿ ಅವರಿಗೆ ಚುಕ್ಕ. ನಿಮ್ಮ ಮಗು ಅಂಗಳದಲ್ಲಿ ತೆಲುಗು ಮಾತಾಡುತ್ತದೆ, ಶಾಲೆಯಲ್ಲಿ ಇಂಗ್ಲಿಷ್ ವಿಷಯ ಓದುತ್ತದೆ, ಮನೆಯಲ್ಲಿ ಯೋಚನೆ ಮಾಡುವುದು ಕನ್ನಡದಲ್ಲಿ. ಮೊದಲು ಯೋಚನೆ ಗಟ್ಟಿಯಾಗಲಿ, ಮುಂದೆ ಅದು ಎಷ್ಟು ಭಾಷೆಗೆ ಬೇಕಾದರೂ ಹೋಗುತ್ತದೆ.

ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆಂದು ಪ್ರತಿ ರಾಜ್ಯಕ್ಕೆ ಹೇಳುತ್ತದೆ. ಅದಕ್ಕೂ ಮುಂಚೆ, 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಒಪ್ಪಿತ್ತು: ಶಾಲೆಯಲ್ಲಿ ಅಂಥ ಮಕ್ಕಳು 40 ಇದ್ದರೆ, ಅಥವಾ ಒಂದು ತರಗತಿಯಲ್ಲಿ 10 ಇದ್ದರೆ, ಶಿಕ್ಷಕರನ್ನು ಕೊಡಬೇಕು. ನನ್ನ ಒಂದು ತರಗತಿಯಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ. ಟಿ.ಸಿ. ಕೇಳಿರುವ ಮನೆಗಳು ಎರಡು. ಲೆಕ್ಕ ನೀವೇ ಮಾಡಿರಿ. ಯಾರನ್ನೂ ಹಂಗಿನಲ್ಲಿ ಇಟ್ಟುಕೊಳ್ಳಲು ಇದನ್ನು ಹೇಳುತ್ತಿಲ್ಲ. ಮಗುವಿಗೆ ಯಾವುದು ಒಳ್ಳೆಯದೆಂದು ತೀರ್ಮಾನಿಸುವ ಹಕ್ಕು ನಿಮ್ಮದು. "ಕನ್ನಡದಾಗ ಸೈನ್ಸ್ ಬರಂಗಿಲ್ಲ" ಎಂಬ ಕಾರಣಕ್ಕೆ ಮಾತ್ರ ತೀರ್ಮಾನ ಮಾಡಬೇಡಿರಿ. ಆ ಕಾರಣವನ್ನು ಇವತ್ತು ರಾತ್ರಿಯೇ ಪರೀಕ್ಷೆ ಮಾಡಬಹುದು.

ಮಕ್ಕಳಿಗೆ ಈ ವಾರದ ಮನೆಗೆಲಸ ಕೊಟ್ಟಿದ್ದೇನೆ, ನೀವು ಸಹಕರಿಸಬೇಕು. ಅಜ್ಜ, ಅಜ್ಜಿ, ಕುರಿ ಕಾಯುವ ಮಾವ, ಯಾರಾದರೂ ಸರಿ, ಕೃತ್ತಿಕಾಕ್ಕೆ, ನಡುಪಟ್ಟಿಯ ಮೂರು ಚಿಕ್ಕಿಗೆ, ಬೆಳಗಿನ ಬೆಳ್ಳಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬೇಕು. ಹೆಸರು ತೆಲುಗಿನದಾದರೂ, ಉರ್ದುವಿನದಾದರೂ ಬರೆಯಲಿ. ಮಳೆಗಳ ಗಾದೆ ಗೊತ್ತಿದ್ದರೆ ಅದನ್ನೂ ಬರೆಯಲಿ. ಈ ಕೆಲಸಕ್ಕೆ ಅಂಕವಿದೆ, ನೀವು ಹೇಳಿಕೊಟ್ಟರೆ ನಕಲು ಎನ್ನುವುದಿಲ್ಲ!

ಮಾರ್ಚ್ 3ರಂದು, ಹೋಳಿ ಹುಣ್ಣಿಮೆಗೆ, ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಏಳು ಗಂಟೆಗೆ ಮುಂಚೆ ಬಿಡುತ್ತದೆ. ಚಂದ್ರಗ್ರಹಣಕ್ಕೆ ಕನ್ನಡಕವೂ ಬೇಡ, ಏನೂ ಬೇಡ. ಅದನ್ನು ಎಲ್ಲರೂ ಸೇರಿ ನೋಡುವ ವ್ಯವಸ್ಥೆಯನ್ನು ಆಗ ತಿಳಿಸುತ್ತೇವೆ.

ಇವತ್ತಿಗೆ, ಹತ್ತು ಗಂಟೆಗೆ ಶಾಲೆಯ ಬಯಲಿನ ದೀಪ ಆರಿಸಲು ಹೇಳಿದ್ದೇನೆ. ನಾನು ಹನ್ನೆರಡರವರೆಗೆ ಅಲ್ಲಿರುತ್ತೇನೆ. ಮಕ್ಕಳನ್ನು ಒಬ್ಬೊಬ್ಬರನ್ನೇ ಕಳಿಸಬೇಡಿ, ಜೊತೆಗೆ ನೀವೂ ಬನ್ನಿ. ಚಳಿ ಇದೆ, ಕಂಬಳಿ, ಚಾಪೆ ತರಬೇಕು. ಮಳೆಗಳನ್ನು ಅಶ್ವಿನಿಯಿಂದ ವಿಶಾಖಾದವರೆಗೆ ತಪ್ಪದೆ ಹೇಳಬಲ್ಲ ಅಜ್ಜಿ ಯಾರ ಮನೆಯಲ್ಲಿದ್ದಾರೋ ಅವರನ್ನು ದಯವಿಟ್ಟು ಕರೆದುಕೊಂಡು ಬನ್ನಿರಿ, ಅವರಿಗೆ ಕುರ್ಚಿ ಹಾಕಿಸಿರುತ್ತೇನೆ.